ಮುಖರ್ಜಿ ನಗರದ ಬಾಕಿ ಲೆಕ್ಕ

14 ಜನವರಿ 2025, ಮಂಗಳವಾರ

ಸಂಕ್ರಾಂತಿ. ಸವಣೂರಿನಲ್ಲಿದ್ದರೆ ಇಷ್ಟೊತ್ತಿಗೆ ವರದಾ ಹೊಳೆಯಲ್ಲಿ ಮಿಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ಬಿಚ್ಚಿ ದಂಡೆಯ ಮೇಲೆ ಕೂತಿರುತ್ತಿದ್ದೆವು. ಇಲ್ಲಿ ದೆಹಲಿಯಲ್ಲಿ ಹತ್ತು ಗಂಟೆಯಾದರೂ ಎದುರು ಮನೆಯ ನೀರಿನ ಟಾಕಿ ಮಂಜಿನಿಂದ ಹೊರಗೆ ಬಂದಿರಲಿಲ್ಲ. ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಮಗಳು ಆರಕ್ಕೇ ಲೈಬ್ರರಿಗೆ ಹೋದಳು. ಲೈಬ್ರರಿ ಎಂದರೆ ಪುಸ್ತಕ ಇರುವ ಜಾಗ ಅಂದುಕೊಂಡಿದ್ದೆ. ಮುಖರ್ಜಿ ನಗರದಲ್ಲಿ ಅದು ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಕುರ್ಚಿ ಹಿಡಿಯುವ ಜಾಗ. ಪುಸ್ತಕ ನಾವೇ ಹೊತ್ತುಕೊಂಡು ಹೋಗಬೇಕು.

ಕಾಯಿಪಲ್ಲೆ ತರಲು ಕೆಳಗಿಳಿದೆ. ಗಾಡಿಯಲ್ಲಿ ಮಾರುವವನು ಇರಲಿಲ್ಲ, ಅವನ ಹತ್ತು ಹನ್ನೊಂದು ವರ್ಷದ ಮಗ ಇದ್ದ. ಎಲ್ಲರೂ ಛೋಟೂ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮುನ್ಸಿಪಾಲಿಟಿ ಶಾಲೆಯಲ್ಲಿ ಐದನೇ ಕ್ಲಾಸು, ನಾಳೆಯವರೆಗೆ ಚಳಿಗಾಲದ ರಜೆ. ಗಜ್ಜರಿ ಕಿಲೋಕ್ಕೆ 40, ಬಟಾಣಿ 50. ಕಾಟಾದ ಮೇಲೆ ಗಜ್ಜರಿ 1 ಕಿಲೋ 300 ಗ್ರಾಂ ಆಯಿತು, ಬಟಾಣಿ 700 ಗ್ರಾಂ. ದರ ಹಾಕುವ ಗುಂಡಿ ಕೆಟ್ಟಿದೆ, ಕಾಟಾ ತೂಕ ಮಾತ್ರ ಹೇಳುತ್ತದೆ. 200ರ ನೋಟು ಕೊಟ್ಟೆ. ನಾನು ಮನಸ್ಸಿನಲ್ಲಿ ಇನ್ನೂ ನಲವತ್ತನ್ನು ಹಿಡಿದುಕೊಂಡು ನಿಂತಿದ್ದೆ, ಅವನು ಮೂರು ರೂಪಾಯಿಯ ಚಿಲ್ಲರೆ, ಹತ್ತರ ನೋಟು, ನೂರರ ನೋಟು ಕೈಗಿಟ್ಟ.

ಹೇಗೆ ಮಾಡಿದಿ ಅಂತ ಕೇಳಿದೆ. ನನ್ನ ಹಿಂದಿ ಸವಣೂರಿನ ಓಣಿಯದು, ‘ನಕ್ಕೋ’ ಅಂದರೆ ಇಲ್ಲಿಯವರು ನಗುತ್ತಾರೆ. ಅವನೂ ಮೊದಲು ನಕ್ಕ, ಆಮೇಲೆ ಹೇಳಿದ. ನೂರು ಗ್ರಾಂ ಗಜ್ಜರಿಗೆ ನಾಲ್ಕು, ಮುನ್ನೂರಕ್ಕೆ ಹನ್ನೆರಡು, ನಲವತ್ತಕ್ಕೆ ಸೇರಿದರೆ 52. ಬಟಾಣಿ ಅರ್ಧ ಕಿಲೋಕ್ಕೆ 25, ಮೇಲಿನ ಇನ್ನೂರು ಗ್ರಾಮಿಗೆ 10. ಒಟ್ಟು 87. ಮೂರು ಕೊಟ್ಟರೆ ತೊಂಬತ್ತು, ಹತ್ತು ಕೊಟ್ಟರೆ ನೂರು, ನೂರು ಕೊಟ್ಟರೆ ಇನ್ನೂರು. ಕಳೆಯಲೇ ಇಲ್ಲ ಅವನು, ಮೇಲಕ್ಕೆ ಹತ್ತಿದ.

ಮೂವತ್ತಮೂರು ವರ್ಷ ಲೆಕ್ಕ ಹೇಳಿಕೊಟ್ಟವಳು ಎಳ್ಳುಬೆಲ್ಲ ಕೊಟ್ಟು ಸುಮ್ಮನೆ ಮೇಲೆ ಬಂದೆ.

19 ಜನವರಿ, ರವಿವಾರ

ಮೇಲಿನ ಮನೆಯ ಹೆಣ್ಣುಮಗಳು ಚಹಾಕ್ಕೆ ಕರೆದಳು. ಕರೆದದ್ದು ಚಹಾಕ್ಕಲ್ಲ. ನಾನು ನಿವೃತ್ತ ಶಿಕ್ಷಕಿ ಅನ್ನುವುದು ಈ ಮಹಡಿ ಮೆಟ್ಟಿಲಲ್ಲಿ ಹಬ್ಬಿದೆ. ಅವಳ ಮಗಳು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಮನೆಯಲ್ಲಿ ಗುಡಿಯಾ ಅನ್ನುತ್ತಾರೆ. ‘ಮ್ಯಾಥ್ಸ್ ವೀಕ್, ಸ್ವಲ್ಪ ನೋಡಿ ಹೇಳಿ’ ಅಂತ.

ನೋಡಿದೆ. ಅಂಕಿ ಮುತ್ತಿನಂತಿವೆ. 200ರಲ್ಲಿ 87 ಕಳೆ ಅಂದರೆ ಮೇಲಿನ ಅಂಕಿಗಳನ್ನು ಕಾಟು ಹೊಡೆದು, ಸಣ್ಣದಾಗಿ 1, 9, 10 ಬರೆದು 113 ತಂದಳು. ವೀಕ್ ಎಲ್ಲಿ ಬಂತು? ಇಂಥ ನಾಲ್ಕು ಮಾಡಿದ ಮೇಲೆ ಪುಸ್ತಕ ಮುಚ್ಚಿಸಿ ಕೇಳಿದೆ: ಗಜ್ಜರಿ ಕಿಲೋಕ್ಕೆ 40 ರೂಪಾಯಿ, ಒಂದು ಕಿಲೋ ಮುನ್ನೂರು ಗ್ರಾಮಿಗೆ ಎಷ್ಟು?

‘ಇಂಟೂ ಮಾಡಬೇಕಾ, ಡಿವೈಡ್ ಮಾಡಬೇಕಾ ಆಂಟಿ?’

ನಿನಗೇನು ಅನ್ನಿಸುತ್ತದೋ ಅದನ್ನು ಮಾಡು ಅಂದೆ. 1300ನ್ನು 40ರಿಂದ ಗುಣಿಸಿ 52,000 ಬರೆದಳು. ರೂಪಾಯಿಯಾ? ಹೂಂ, ರೂಪಾಯಿ. ಮುಖದಲ್ಲಿ ಒಂದಿಷ್ಟೂ ಅನುಮಾನವಿಲ್ಲ. ಗುಣಾಕಾರ ಸರಿಯಾಗಿಯೇ ಇತ್ತು.

ತಾಯಿಗೆ ಏನು ಹೇಳಬೇಕೋ ತಿಳಿಯದೆ ‘ಹುಡುಗಿ ಜಾಣೆ’ ಅಂದೆ. ಸುಳ್ಳೇನಲ್ಲ.

28 ಜನವರಿ, ಮಂಗಳವಾರ

ಇವತ್ತು ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ವರದಿ ಬಂದಿದೆಯಂತೆ, ಪ್ರಥಮ್ ಸಂಸ್ಥೆಯವರು 2005ರಿಂದ ಮಾಡುತ್ತಿರುವುದು. ಮಗಳು ರಾತ್ರಿ ಊಟ ಮಾಡುತ್ತಲೇ ಅಂಕಿ ಗಟ್ಟು ಹೊಡೆಯುತ್ತಿದ್ದಳು: ಮೂರನೇ ಕ್ಲಾಸಿನಲ್ಲಿ ಕಳೆಯುವ ಲೆಕ್ಕ ಬರುವವರು ನೂರಕ್ಕೆ 33.7, ಐದನೇ ಕ್ಲಾಸಿನಲ್ಲಿ ಭಾಗಾಕಾರ ಬರುವವರು 30.7.

‘ಅವ್ವಾ, ಇದು ಜಿಎಸ್ ಎರಡನೇ ಪೇಪರಿಗೆ ಬರ್ತದ. 2022ರಾಗ 25.9 ಇತ್ತು, ಈಗ 33.7. ನಿಪುಣ್ ಭಾರತ್ ಇಂಪ್ಯಾಕ್ಟ್ ಅಂತ ಬರೀಬೇಕು.’

‘ನೂರರಾಗ ಮೂವತ್ನಾಕ ಮಂದಿಗೆ ಅಂದ್ರ, ಅರವತ್ತಾರ ಮಂದಿಗೆ ಬರೂದಿಲ್ಲ ಅಂತ ಆತಲ್ಲೇ.’

‘ಅದನ್ನೂ ಬರೀಬೇಕು. ಬ್ಯಾಲೆನ್ಸ್ ಇರಬೇಕು.’

ಕೇಂದ್ರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತ್ ಶುರುವಾದದ್ದು 2021ರ ಜುಲೈ 5ಕ್ಕೆ, ಗುರಿ 2026-27 ಅಂತ ತಾರೀಖು ಸಮೇತ ಹೇಳಿದಳು. ಅಂಥದ್ದೇ ಆದ ದೆಹಲಿಯ ಮಿಷನ್ ಬುನಿಯಾದ್ 2018 ಅಂತಲೂ. ಅಸರ್ ಹಳ್ಳಿಗಳಲ್ಲಿ ಮಾತ್ರ ನಡೆಯುವುದು, ಈ ಬೀದಿಯ ಹುಡುಗ ಹುಡುಗಿ ಇಬ್ಬರೂ ಆ ಲೆಕ್ಕದಲ್ಲಿಲ್ಲ.

ನಾನು ಕಲಿಸುತ್ತಿದ್ದ ಹಳ್ಳಿ ಒಮ್ಮೆ ಇತ್ತು. ವರ್ಷ ನೆನಪಿಲ್ಲ. ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನ ಇಬ್ಬರು ಹುಡುಗರು ಮನೆ ಮನೆ ಹೊಕ್ಕು ಒಂದು ಹಾಳೆ ತೋರಿಸಿ ಮಕ್ಕಳನ್ನು ಕೇಳುತ್ತಿದ್ದರು. ಒಂದರಿಂದ ಒಂಬತ್ತು, ಆಮೇಲೆ ಹತ್ತರಿಂದ ತೊಂಬತ್ತೊಂಬತ್ತು, ಆಮೇಲೆ ದಶಕ ಬಿಡಿಸಿ ಕಳೆಯುವ ಎರಡಂಕಿ ಲೆಕ್ಕ, ಕೊನೆಗೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ನನ್ನ ತರಗತಿಯ ಹುಡುಗಿಯೊಬ್ಬಳು, ನಾನು ಗಣಿತದಲ್ಲಿ ಎ ಕೊಟ್ಟವಳು, 42ರಲ್ಲಿ 17 ಕಳೆದು 35 ಬರೆದಳು. ಚಿಕ್ಕದು ದೊಡ್ಡದರಲ್ಲಿ ಹೋಗುತ್ತದೆ: ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಆ ಹುಡುಗರ ಮೇಲೆ ಸಿಟ್ಟು ಬಂತು. ‘ಅಪರಿಚಿತರು ಅಂತ ಹೆದರಿದಾಳ’ ಅಂದೆ. ಮರುದಿನ ಶಾಲೆಯಲ್ಲಿ ನಾನೇ ಕೇಳಿದೆ. ಮತ್ತೆ 35.

ಹಾಗಾದರೆ ಆ ಎ ಎಲ್ಲಿಂದ ಬಂತು? ನನ್ನ ಪೆನ್ನಿನಿಂದ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ್ದು. ನಮ್ಮ ಶಾಲೆಗೆ ಬಂದಾಗ ನನಗೆ ಬಹಳ ಹಿಡಿಸಿತ್ತು. ಕಲಿಕಾ ಏಣಿ, ಮೈಲಿಗಲ್ಲು, ತನ್ನ ಮೆಟ್ಟಿಲು ತಾನೇ ಹತ್ತುವ ಮಗು. ಗೋಡೆಯ ಮೇಲೆ ಪ್ರಗತಿ ನೋಟದ ಹಾಳೆ. ಮೊದಲ ವರ್ಷ ಆಯಾ ದಿನದ ಗುರುತು ಆಯಾ ದಿನ ಹಾಕಿದೆ. ಎರಡನೇ ವರ್ಷದಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಕೂತು ಒಂದೇ ಉಸಿರಿಗೆ ಟಿಕ್ ಹಾಕಿದೆ. ನಿರಂತರ ಮೌಲ್ಯಮಾಪನ, ಅಂದರೆ ಸಿಸಿಇ, ಬಂದ ಮೇಲಂತೂ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ, ಆಮೇಲೆ ಎಲ್ಲವನ್ನೂ ಸರಕಾರದ ಸ್ಯಾಟ್ಸ್ ಜಾಲತಾಣಕ್ಕೆ ಏರಿಸಬೇಕಿತ್ತು. ಸರ್ವರ್ ರಾತ್ರಿ ಹನ್ನೊಂದಕ್ಕೆ ತೆರೆಯುತ್ತಿತ್ತು. ಆ ಹೊತ್ತಿಗೆ ಯಾವ ಮಗು 35 ಬರೆಯಿತು, ಯಾಕೆ ಬರೆಯಿತು ಅನ್ನುವುದು ಯಾರ ತಲೆಯಲ್ಲಿರುತ್ತದೆ? ಖಾನೆ ತುಂಬಿದರೆ ಸಾಕು. ಅಳೆಯುವ ಕೆಲಸ ಅಷ್ಟು ಹೆಚ್ಚಿತ್ತೆಂದರೆ ಮಗುವಿನ ಪಾಟಿ ನೋಡಲು ವೇಳೆ ಉಳಿಯುತ್ತಿರಲಿಲ್ಲ. ಇದು ನೆಪ ಅನ್ನುವುದೂ ನನಗೆ ಗೊತ್ತು.

ನಾನು ನಿವೃತ್ತಳಾದ ವರ್ಷ ಐದನೇ ಕ್ಲಾಸಿಗೂ ಬೋರ್ಡ್ ಪರೀಕ್ಷೆ ಅಂದರು. ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಗಿ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಹತ್ತು ವರ್ಷದ ಮಕ್ಕಳ ಕೂಡಿಸುವ ಕಳೆಯುವ ಲೆಕ್ಕ ದೆಹಲಿಯವರೆಗೆ ಬಂದು ಹೋಯಿತು.

2 ಫೆಬ್ರವರಿ, ರವಿವಾರ

ಛೋಟೂನ ಕೈಗೆ ಹಾಳೆ ಕೊಟ್ಟು ಸಂಖ್ಯೆ ಬರೆಸಿದೆ. ಗಾಡಿಯ ಪಕ್ಕ, ತಲೆಕೆಳಗಾದ ಕ್ರೇಟಿನ ಮೇಲೆ. ‘ಉನ್‌ಹತ್ತರ್’ ಅಂದೆ. 69 ಬರೆದ. ತಪ್ಪು ಅಂತ ಕೆಂಪು ಗೀಟು ಎಳೆದೆ. ನನ್ನ ತಲೆಯಲ್ಲಿದ್ದದ್ದು 79. ಹುಡುಗ ಏನೂ ಅನ್ನಲಿಲ್ಲ, ಮೇಡಂ ಹೇಳಿದ ಮೇಲೆ ಮುಗಿಯಿತು ಅನ್ನುವ ಹಾಗೆ ತಲೆಯಾಡಿಸಿದ.

ರಾತ್ರಿ ಮಗಳು ಬಿದ್ದು ಬಿದ್ದು ನಕ್ಕಳು. ಉನ್‌ಹತ್ತರ್ ಅಂದರೆ ಸತ್ತರ್‌ಗೆ ಒಂದು ಕಡಿಮೆ, 69. 79ಕ್ಕೆ ಉನ್ಯಾಸಿ. ನಮ್ಮಲ್ಲಿ ಅರವತ್ತೊಂಬತ್ತು ಅಂದರೆ ಅರವತ್ತೂ ಕೇಳಿಸುತ್ತದೆ, ಒಂಬತ್ತೂ ಕೇಳಿಸುತ್ತದೆ. ಹಿಂದಿಯ ಮಗು ನೂರರವರೆಗಿನ ಹೆಸರನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಮೇಲಿನ ಗುಡಿಯಾಗೆ ಉನ್‌ಹತ್ತರ್ ಗೊತ್ತೇ ಇಲ್ಲ, ಅವಳಿಗೆ ‘ಸಿಕ್ಸ್‌ಟಿ ನೈನ್’ ಮಾತ್ರ. ಹೀಗಾಗಿ ನಮ್ಮ ಮೆಟ್ಟಿಲಲ್ಲಿ ಒಂದೇ ಸಂಖ್ಯೆಗೆ ಮೂರು ಹೆಸರು, ಪರೀಕ್ಷೆ ಮಾಡುವವಳಿಗೆ ಅದರಲ್ಲಿ ಒಂದು ತಪ್ಪು.

3 ಫೆಬ್ರವರಿ, ಸೋಮವಾರ

ಬೆಳಿಗ್ಗೆ ಗಾಡಿಗೆ ಹೋಗಿ ಆ ಹಾಳೆ ಕೇಳಿ ಇಸಿದುಕೊಂಡು, ನನ್ನ ಗೀಟಿನ ಮೇಲೆ ಗೀಟು ಹೊಡೆದು ಸರಿ ಹಾಕಿ ಕೊಟ್ಟೆ. ‘ನನಗೆ ಗೊತ್ತಿತ್ತು’ ಅಂದ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ? ‘ನೋಟ್‌ಬುಕ್ ಚೆಕ್ ಮಾಡುವವರಿಗೆ ಹೇಳುವುದಿಲ್ಲ.’

9 ಫೆಬ್ರವರಿ, ರವಿವಾರ

5ಕ್ಕೆ ದೆಹಲಿ ವಿಧಾನಸಭೆಯ ಮತದಾನ, ನಿನ್ನೆ ಎಣಿಕೆ. ಪಟಾಕಿ ಇನ್ನೂ ನಿಂತಿಲ್ಲ.

ಮಗಳು ಒಂದು ಸುದ್ದಿ ತಂದಳು. ಅದೇ ಮತದಾನದ ದಿನ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದಂತೆ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಯವರು ಕೋಲ್ಕತ್ತ ಹಾಗೂ ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನು ನೋಡಿದ್ದಾರೆ. ಗಿರಾಕಿಗಳ ಹಾಗೆ ಹೋಗಿ ಕೊಳ್ಳುವುದು, ಲೆಕ್ಕ ಸರಿ ಬಂತೇ ಅಂತ ನೋಡುವುದು. ಹೆಚ್ಚುಕಡಿಮೆ ಎಲ್ಲರದೂ ಸರಿ. ಅಷ್ಟೇ ಕಷ್ಟದ, ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಹಾಳೆಯ ಮೇಲೆ ಕೊಟ್ಟರೆ ಆಗಲಿಲ್ಲ. ಅಕ್ಕಪಕ್ಕದ ಶಾಲೆಗಳ, ಸಂತೆಯಲ್ಲಿ ಮಾರಿ ಗೊತ್ತಿಲ್ಲದ 471 ಮಕ್ಕಳದು ಇದರ ತಿರುವುಮುರುವು. ಹಾಳೆಯ ಮೇಲೆ ಪರವಾಗಿಲ್ಲ, ಆದರೆ ಸಂತೆಯ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಬಿಡಿಸಿದ ಒಂದು ಲೆಕ್ಕವನ್ನು ಅವರಲ್ಲಿ ಬಿಡಿಸಿದ್ದು ನೂರಕ್ಕೆ ಒಬ್ಬರು.

ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಇದು ನಮ್ಮ ಮೆಟ್ಟಿಲ ಕಥೆಯೇ. ಕೆಳಗೊಬ್ಬ, ಮೇಲೊಬ್ಬಳು.

ಹೊಸದೂ ಅಲ್ಲವಂತೆ. 1985ರಲ್ಲಿ ಬ್ರೆಜಿಲ್‌ನ ರೆಸಿಫೆಯಲ್ಲಿ ಎಳನೀರು ಗಿಳನೀರು ಮಾರುವ ಐದು ಮಕ್ಕಳನ್ನು ಹೀಗೆಯೇ ನೋಡಿದ್ದರು. ಬೀದಿಯಲ್ಲಿ ನೂರಕ್ಕೆ 98 ಸರಿ, ಅದೇ ಲೆಕ್ಕ ಬರೀ ಅಂಕಿಯಾಗಿ ಹಾಳೆಯ ಮೇಲೆ ಬಂದಾಗ 37. ನಾಲ್ಕು ದಶಕದ ಹಿಂದೆ ಗೊತ್ತಾದದ್ದು ನನ್ನ ಒಂದು ತರಬೇತಿಯಲ್ಲೂ ಯಾರೂ ಹೇಳಲಿಲ್ಲ. ತರಬೇತಿಯಲ್ಲಿ ಉಪ್ಪಿಟ್ಟು ಚೆನ್ನಾಗಿರುತ್ತಿತ್ತು.

ಮಗಳಿಗೆ ಬೇರೆ ಚಿಂತೆ. ‘ಹದಿನಾಕ ತುಂಬದವರು ಕೆಲಸ ಮಾಡೂ ಹಂಗಿಲ್ಲ ಅವ್ವಾ. ಶಾಲಿ ಬಿಟ್ಟ ಮ್ಯಾಲ ಮನೀ ಕಸುಬಿಗೆ ಕೈ ಹಚ್ಚಬಹುದು ಅಂತ 2016ರ ತಿದ್ದುಪಡಿ ಅದ.’ ಇದೂ ಸರಿಯೇ. ಗಾಡಿ ಶಾಲೆಗಿಂತ ದೊಡ್ಡದು ಅಂತ ನಾನೇನೂ ಅನ್ನುತ್ತಿಲ್ಲ. ಆ ಹುಡುಗ ಪ್ರತಿ ರಾತ್ರಿ ಒಂಬತ್ತಕ್ಕೆ ಗಾಡಿ ತಳ್ಳಿಕೊಂಡು ಹೋಗುವುದನ್ನು ನೋಡುತ್ತೇನೆ.

17 ಫೆಬ್ರವರಿ, ಸೋಮವಾರ

ಬೆಳಗಿನ ಜಾವ 5.36ಕ್ಕೆ ಭೂಮಿ ನಡುಗಿತು. 4.0 ಅಂತೆ, ಧೌಲಾ ಕುವಾಂ ಹತ್ತಿರ. ಮುಖರ್ಜಿ ನಗರದ ಪರೀಕ್ಷಾರ್ಥಿಗಳೆಲ್ಲ ರಜಾಯಿ ಹೊದ್ದು ಬೀದಿಯಲ್ಲಿ. ಒಬ್ಬ ಹುಡುಗ ಕೈಯಲ್ಲಿ ನೋಟ್ಸ್ ಹಿಡಿದೇ ಇಳಿದಿದ್ದ.

ಮಗಳ ಟೆಸ್ಟ್ ಸೀರೀಸ್‌ನಲ್ಲಿ ಮತ್ತೆ ಅಂಕ ಇಳಿದಿದೆ. ಎಷ್ಟು ಅಂತ ಹೇಳಿದಳು, ಯಾವುದು ಯಾಕೆ ತಪ್ಪಿತು ಅಂತ ಕೇಳಿದರೆ ‘ನೋಡಾಕ ಟೈಮಿಲ್ಲ, ನಾಳೆ ಮುಂದಿನ ಟೆಸ್ಟ್’ ಅಂದಳು. ನನ್ನ ಮಗಳು ತಾನೇ.

23 ಫೆಬ್ರವರಿ, ರವಿವಾರ

ಪರೀಕ್ಷೆ ಹತ್ತಿರ ಬಂತು ಅಂತ ಛೋಟೂ ತಾನಾಗಿ ಪಟ್ಟಿ ತಂದ. ಮೊದಲಿನ ಗಜ್ಜರಿ ಲೆಕ್ಕವನ್ನೇ ಕೊಟ್ಟೆ, ಬರೀ ಅಂಕಿ: 200 − 87. ಬರೆದ: 287. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳನ್ನೇ ಇಳಿಸಿದ. ಎಂಟನ್ನೂ ಹಾಗೇ. ಕಳೆದ ಮೇಲೆ ಹೆಚ್ಚಾಯಿತಲ್ಲೋ ಅಂದರೆ, ನೋಟ್‌ಬುಕ್ಕಿನಲ್ಲಿ ಹಾಗೂ ಆಗುತ್ತದೆ ಅನ್ನುವಂತೆ ನೋಡಿದ.

ಹಳೆಯ ಅಭ್ಯಾಸ, ‘ಪಕ್ಕದವನಿಂದ ಉಧಾರ್ ತಗೋ’ ಅಂದೆ. ಇಲ್ಲಿಯೂ ಹಾಗೇ ಹೇಳಿಕೊಡುತ್ತಾರೆ.

‘ಪಕ್ಕದಲ್ಲೂ ಸೊನ್ನೆ ಇದೆ.’

‘ಅವನಾಚೆಯವನಿಂದ ತಗೋ.’

‘ವಾಪಸ್ ಯಾವಾಗ ಕೊಡುವುದು?’

ಅವನ ಗಾಡಿಯ ತಗಡಿನ ಮೇಲೆ ಬಣ್ಣದಲ್ಲಿ ಬರೆದಿದೆ, ನಮ್ಮ ಕಿರಾಣಿ ಅಂಗಡಿಗಳಲ್ಲಿ ಇರುತ್ತದಲ್ಲ, ಇಂದು ನಗದು ನಾಳೆ ಉದ್ರಿ, ಅದೇ ಮಾತು. ಉಧಾರ್ ಅಂದರೆ ಅವನಿಗೆ ವಾಪಸ್ ಬರಬೇಕಾದ ದುಡ್ಡು. ಮೂವತ್ತಮೂರು ವರ್ಷ ನಾನು ಮಕ್ಕಳಿಗೆ ‘ಸಾಲ ತಗೋ’ ಅಂದಿದ್ದೇನೆ. ಒಂದು ಮಗುವೂ ತೀರಿಸುವುದು ಯಾವಾಗ ಅಂತ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ನಿಜಕ್ಕೂ ಅಲ್ಲಿ ಸಾಲ ಎಲ್ಲಿದೆ? ಯಾರೂ ಯಾರಿಗೂ ಏನೂ ಕೊಡುವುದಿಲ್ಲ.

ಪಟ್ಟಿಯ ಹಾಳೆ ಹರಿದು ನೂರರ ಎರಡು ನೋಟು ಮಾಡಿದೆ. ಇದರಲ್ಲಿ 87 ಕೊಡು. ಕ್ಷಣ ನೋಡಿ, ‘ಛುಟ್ಟಾ ಮಾಡಿಸಬೇಕು’ ಅಂದ. ಮಾಡಿಸು. ಒಂದು ನೂರನ್ನು ಹತ್ತು ಹತ್ತರ ಚೀಟಿ ಮಾಡಿದ, ಅದರಲ್ಲಿ ಒಂದು ಹತ್ತನ್ನು ಹತ್ತು ಕಡ್ಲೆಕಾಯಿ ಮಾಡಿದ. ನೂರರ ನೋಟು ಒಂದು, ಹತ್ತರ ಚೀಟಿ ಒಂಬತ್ತು, ಕಡ್ಲೆಕಾಯಿ ಹತ್ತು. ಏಳು ತೆಗೆದ, ಮೂರು ಉಳಿಯಿತು. ಎಂಟು ಚೀಟಿ ತೆಗೆದ, ಒಂದು ಉಳಿಯಿತು. ಆಮೇಲೆ ಗುಡಿಯಾಳ ಹಾಳೆಯಲ್ಲಿ ಸಣ್ಣದಾಗಿ ಇದ್ದ ಆ 1, 9, 10ನ್ನು ಅವನ ಲೆಕ್ಕದ ಮೇಲೆ ಬರೆದು ತೋರಿಸಿದೆ. ಗಟ್ಟಿಯಾಗಿ ಕೂಗಿದ: ‘ಇದು ಛುಟ್ಟಾ!’

ಹೌದು, ಚಿಲ್ಲರೆ. ಅಷ್ಟೇ ಇದು.

ಇನ್ನೊಂದು ಕೊಟ್ಟೆ, 503 − 268. ಕಾಗದದ ಮೇಲೆ ಚಿಲ್ಲರೆ ಮಾಡಿ 245 ಬರೆದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಹುಬ್ಬು ಗಂಟಾಯಿತು. ಬೆರಳು ಮಡಚುತ್ತ ತನ್ನ ಹಾದಿಯಲ್ಲಿ ಹತ್ತಿದ: ಎರಡು ಕೊಟ್ಟರೆ 270, ಮೂವತ್ತು ಕೊಟ್ಟರೆ 300, ಇನ್ನೂರು ಕೊಟ್ಟರೆ 500, ಮೇಲೆ ಮೂರು. 235. ಹಾಳೆ ಒಂದು ಹೇಳುತ್ತದೆ, ತಲೆ ಒಂದು ಹೇಳುತ್ತದೆ. ಹಾಳೆಯನ್ನು ಅನುಮಾನದಿಂದ ನೋಡಿ, ಬಿಡಿಸಿದ ಹತ್ತನ್ನು ಲೆಕ್ಕದಿಂದ ತೆಗೆದಿಲ್ಲ ಅಂತ ತಾನೇ ಹಿಡಿದ. ಹತ್ತನ್ನು ಹೊಡೆದು ಒಂಬತ್ತು ಮಾಡಿದ.

ಮಗು ತನ್ನ ಉತ್ತರವನ್ನು ತಾನೇ ನಂಬದೆ ಇನ್ನೊಂದು ದಾರಿಯಲ್ಲಿ ಹೋಗಿ ನೋಡಿದ್ದಕ್ಕೆ ನಮ್ಮ ಯಾವ ನಮೂನೆಯಲ್ಲಿ ಖಾನೆ ಇತ್ತು? ನೆನಪು ಮಾಡಿಕೊಂಡೆ, ಸಿಗಲಿಲ್ಲ. ನನ್ನ ಕೊನೆಯ ಶಾಲೆಯ ಕಪಾಟಿನಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇತ್ತು, ದಶಕದ ಕಡ್ಡಿಗಳೆಲ್ಲ ಇದ್ದವು. ಸಾಮಾನು ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕು ಅಂತ ಬೀಗ ಹಾಕಿಟ್ಟವಳು ನಾನೇ.

16 ಮಾರ್ಚ್, ರವಿವಾರ

ಹೋಳಿಯ ಬಣ್ಣ ಮೆಟ್ಟಿಲಿಂದ ಇನ್ನೂ ಹೋಗಿಲ್ಲ. ಗುಡಿಯಾಳನ್ನು ಎರಡು ವಾರದಿಂದ ಸಂಜೆ ಗಾಡಿಗೆ ಕರೆದೊಯ್ಯುತ್ತಿದ್ದೇನೆ, ಚೀಲವೂ ದುಡ್ಡೂ ಅವಳ ಕೈಯಲ್ಲೇ. ಮೊದಲ ದಿನ ‘ಡೇಢ್ ಕಿಲೋ’ ಎಂದರೇನು ಅಂತ ನನ್ನನ್ನು ಕೇಳಿದಳು. ಛೋಟೂ ಅವಳಿಗೆ ಪಾವ್, ಸವಾ, ಡೇಢ್, ಪೌನೆ ದೋ, ಢಾಯಿ, ಅಂದರೆ ಕಾಲು, ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು, ಎರಡೂವರೆ, ಎಲ್ಲ ಹೇಳಿಕೊಟ್ಟ. ನಮ್ಮ ಅಜ್ಜ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಹೇಳುತ್ತಿದ್ದ. ನನ್ನ ಕಾಲಕ್ಕೆ ಅದು ಪುಸ್ತಕದಲ್ಲಿ ಇರಲಿಲ್ಲ.

ನಿನ್ನೆ ಹಳೆಯ ಪ್ರಶ್ನೆ ಮತ್ತೆ ಹಾಕಿದೆ. 40ರಂತೆ ಒಂದು ಕಿಲೋ ಮುನ್ನೂರು ಗ್ರಾಂ. ಬರೆಯಲು ಹೋದವಳು ನಿಲ್ಲಿಸಿ, ‘50ರ ಆಸುಪಾಸು’ ಅಂದಳು. 52,000 ಯಾಕಲ್ಲ? ‘ಅಷ್ಟಕ್ಕೆ ಗಾಡಿಯೇ ಬರುತ್ತದೆ ಆಂಟಿ.’

ಶಾಲೆಯ ಪರೀಕ್ಷೆಯಲ್ಲಿ ಅವಳ ಅಂಕ ಮೊದಲಿನಷ್ಟೇ ಬಂದಿದೆಯಂತೆ. ತಾಯಿಗೆ ಬೇಜಾರು.

30 ಮಾರ್ಚ್, ರವಿವಾರ

ಯುಗಾದಿ. ಬೇವಿಗೆ ದೆಹಲಿಯಲ್ಲಿ ಬರವಿಲ್ಲ. ಮಗಳ ಪ್ರಿಲಿಮ್ಸ್ ಮೇ 25ಕ್ಕೆ, ಅಲ್ಲಿಯವರೆಗೆ ಇದ್ದು ಊರಿಗೆ ಹೊರಡುವುದು.

ಛೋಟೂ ಐದನೇ ಕ್ಲಾಸು ಮುಗಿಸಿದ. ಮುನ್ಸಿಪಾಲಿಟಿ ಶಾಲೆ ಐದಕ್ಕೇ ಮುಗಿಯುತ್ತದೆ. ಆರನೆಯದಕ್ಕೆ ಬೇರೆ ಶಾಲೆ, ಬೇರೆ ಮಾಸ್ತರು. ಅವನ ಜೊತೆ ಹೋಗುವುದು ಒಂದು ಗ್ರೇಡು. ಅದಕ್ಕೇ ಅವನ ಹೊಸ ಮಾಸ್ತರಿಗೆ ಒಂದು ಹಾಳೆ ಬರೆದಿದ್ದೇನೆ. ಮಗಳು ಹಿಂದಿಗೆ ಮಾಡಿಕೊಡುತ್ತಾಳೆ. ಕನ್ನಡದ್ದು ಇಲ್ಲಿರಲಿ:

‘ಗುರುಗಳೇ, ನಮಸ್ಕಾರ. ಈ ಹುಡುಗನಿಗೆ ಕೂಡಿಸುವುದು ಬಾಯಲ್ಲಿಯೂ ಹಾಳೆಯಲ್ಲಿಯೂ ಬರುತ್ತದೆ. ಕಳೆಯುವುದು ಬಾಯಲ್ಲಿ ನನಗಿಂತ ಚುರುಕು, ಮೇಲಕ್ಕೆ ಎಣಿಸಿ ಮಾಡುತ್ತಾನೆ, ದಯವಿಟ್ಟು ಬಿಡಿಸಬೇಡಿ. ಹಾಳೆಯಲ್ಲಿ ಮೂರಂಕಿಯವರೆಗೆ ಹತ್ತರಲ್ಲಿ ಎಂಟು ಸರಿ. ನಡುವೆ ಸೊನ್ನೆ ಬಂದರೆ ಒಮ್ಮೊಮ್ಮೆ ಬಿಡಿಸಿದ ಹತ್ತನ್ನು ತೆಗೆಯಲು ಮರೆಯುತ್ತಾನೆ. ಉಧಾರ್ ಅನ್ನಬೇಡಿ, ಛುಟ್ಟಾ ಅನ್ನಿ. ನೀವು ತಪ್ಪು ಹಾಕಿದ್ದು ಸರಿ ಇದ್ದರೂ ಅವನು ಹೇಳುವುದಿಲ್ಲ, ಆದ್ದರಿಂದ ಹೇಗೆ ಮಾಡಿದಿ ಅಂತ ಕೇಳಿ. ಭಾಗಾಕಾರ ನಾನು ನೋಡಿಲ್ಲ. ನೀವು ನೋಡಿ.’